ಹಕಾರವಿಲ್ಲದ ಕ್ಯಾಸೆಟ್ಟು

ನನಗೆ ‘ಹ’ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ನಮ್ಮ ಬೀದಿಯಲ್ಲೂ ಬರುತ್ತಿರಲಿಲ್ಲ. ಹಾಗಾಗಿ ಅದು ಬರಬೇಕಾದದ್ದು ಎಂಬುದೇ ಶಾಲೆಗೆ ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ಹಾಲು ನಮಗೆ ಆಲು, ಹಬ್ಬ ಅಬ್ಬ. ಒಂದು ದಿನ ಕನ್ನಡ ಮೇಷ್ಟ್ರು ಪಾಠ ಓದಿಸುವಾಗ ನಾನು ಎದ್ದು ನಿಂತು "ಅಸು ಉಲ್ಲು ಮೇಯುತ್ತಿದೆ" ಎಂದು ಜೋರಾಗಿ ಓದಿದೆ. ಮೇಷ್ಟ್ರು ಪುಸ್ತಕ ಮಡಿಚಿ, "ಅಸು ನೀಗೋದು ಕೇಳಿದ್ದೀನಿ, ಅಸು ಮೇಯೋದು ಇವತ್ತೇ ಕೇಳಿದ್ದು ಕಣೋ" ಎಂದರು. ತರಗತಿ ನಕ್ಕಿತು. ನಕ್ಕವರಲ್ಲಿ ಅರ್ಧ ಜನಕ್ಕೆ ಅವರು ಏನು ಹೇಳಿದರೆಂದು ಗೊತ್ತಾಗಿರಲಿಲ್ಲ. ನನಗೂ ಗೊತ್ತಾಗಿರಲಿಲ್ಲ. ನಾನೂ ನಕ್ಕೆ.

ತೊಂಬತ್ತರ ದಶಕದ ಶುರುವಿನಲ್ಲಿ ನಂಜನಗೂಡಿನಲ್ಲಿ ಖಾಸಗಿ ಬಸ್ಸುಗಳು ನಿಲ್ಲುತ್ತಿದ್ದ ಜಾಗದಲ್ಲಿ ನನಗೊಂದು ಕೆಲಸ ಸಿಕ್ಕಿತು. ಬಸ್ಸಿನ ಮಾಲೀಕರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಮೂಲೆಯಲ್ಲಿ ಒಂದು ತಗಡಿನ ಗೂಡು. ಒಳಗೆ ಮೈಕು, ಟೇಪ್ ರೆಕಾರ್ಡರ್. ಹೊರಗೆ ಕಂಬದ ಮೇಲೆ ಎರಡು ಲೌಡ್ ಸ್ಪೀಕರ್. ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗುವುದು ನನ್ನ ಕೆಲಸ. ಅಪ್ಪ ಅದೇ ಸ್ಟ್ಯಾಂಡಿನಲ್ಲಿ ಬಸ್ಸಿನ ಟಾಪಿಗೆ ಮೂಟೆ ಏರಿಸುತ್ತಿದ್ದ. ನನ್ನ ಮಗನ ಗಂಟಲು ದೊಡ್ಡದು ಎಂದು ಸಂಘದವರಿಗೆ ಹೇಳಿ ಸೇರಿಸಿದ್ದ. ಗಂಟಲು ದೊಡ್ಡದೇ. ಆದರೆ ಕೂಗಬೇಕಾದ ಊರುಗಳು ಯಾವುವು? ಹುಲ್ಲಹಳ್ಳಿ, ಹೆಮ್ಮರಗಾಲ, ಹೆಡಿಯಾಲ, ಹುರ, ಹದಿನಾರು. ‘ಹ’ ಬಾರದವನಿಗೆ ನಂಜನಗೂಡು ತಾಲ್ಲೂಕಿನಷ್ಟು ಕಷ್ಟದ ತಾಲ್ಲೂಕು ಇನ್ನೊಂದು ಇರಲಿಕ್ಕಿಲ್ಲ.

"ಉಲ್ಲಳ್ಳಿ, ಉರ, ಎಡಿಯಾಲ! ಎಡಿಯಾಲ ಬಸ್ಸು ಒಂಟದೆ, ಬನ್ನಿ ಬನ್ನಿ!" ಎಂದು ನಾನು ಕೂಗಿದರೆ ಹಳ್ಳಿಯವರು ಎದ್ದು ಬಂದು ಹತ್ತುತ್ತಿದ್ದರು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಅವರ ಊರಿನ ಹೆಸರೇ ಅದು. ತೊಂದರೆ ಆಗುತ್ತಿದ್ದದ್ದು ಸಂಜೆ ನಾಲ್ಕಕ್ಕೆ, ಕಾಲೇಜು ಬಿಟ್ಟ ಮೇಲೆ. ಹುಡುಗರು ಗುಂಪಾಗಿ ನಿಂತು, ನಾನು ಕೂಗಿದ್ದನ್ನು ನನ್ನ ರಾಗದಲ್ಲೇ ತಿರುಗಿ ಕೂಗುತ್ತಿದ್ದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಇಲ್ಲಿ ಹ ಸಿಗುವುದಿಲ್ಲ’ ಎಂದು ಬರೆದಿತ್ತು. ಅಕ್ಷರ ದುಂಡಗೆ, ಚೆನ್ನಾಗಿಯೇ ಇತ್ತು.

ಇದು ಸಂಘದ ಕಾರ್ಯದರ್ಶಿಯ ಕಿವಿಗೆ ಬಿತ್ತು. ಅವರು ಎರಡು ಬಸ್ಸಿನ ಮಾಲೀಕರು, ಇಸ್ತ್ರಿ ಹಾಕಿದ ಬಿಳಿ ಷರಟಿನವರು, ಎಲ್ಲವೂ ಬರಹದಲ್ಲೇ ಇರಬೇಕೆನ್ನುವವರು. ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ ನನಗೆ ಒಂದು ಚೀಟಿ ಬರೆದು ಕಳಿಸಿದರು: ‘ಊರುಗಳ ಹೆಸರನ್ನು ಶುದ್ಧವಾಗಿ ಉಚ್ಚರಿಸತಕ್ಕದ್ದು. ತಪ್ಪಿದಲ್ಲಿ ಬೇರೆ ವ್ಯವಸ್ಥೆ ಮಾಡಿಕೊಳ್ಳಲಾಗುವುದು.’

ನಾನು ಹೆದರಿದೆ. ಹೆದರಿಕೆಯಲ್ಲಿ ಸಿಕ್ಕಸಿಕ್ಕ ಕಡೆ ‘ಹ’ ಸೇರಿಸಲು ಹೋದೆ. ಊಟಿ ಬಸ್ಸು ‘ಹೂಟಿ ಬಸ್ಸು’ ಆಯಿತು. ಕಾಲೇಜು ಹುಡುಗರಿಗೆ ಅವತ್ತು ಹಬ್ಬ.

ಆಗ ನನ್ನನ್ನು ಕಾಪಾಡಿದ್ದು ಒಬ್ಬ ಹೆಂಗಸಿನ ಕ್ಯಾಸೆಟ್ಟು.

ಗೂಡಿನ ಪಕ್ಕದಲ್ಲೇ ಒಂದು ಕ್ಯಾಸೆಟ್ ಅಂಗಡಿ ಇತ್ತು. ಅಂಗಡಿಯಾತ ನನಗಿಂತ ಹತ್ತು ವರ್ಷ ದೊಡ್ಡವನು, ಅಣ್ಣ ಎನ್ನುತ್ತಿದ್ದೆ. ಕೂಗುವ ಕೆಲಸ ಇಲ್ಲದಾಗ ಮೈಕಿನಲ್ಲಿ ಅವನ ಕ್ಯಾಸೆಟ್ ಹಾಕುತ್ತಿದ್ದೆ. ಅವನಿಗೆ ಪ್ರಚಾರ, ನನಗೆ ಹೊತ್ತು ಹೋಗುತ್ತಿತ್ತು. ಒಂದು ದಿನ ಅವನು ಕೊಟ್ಟ ಕ್ಯಾಸೆಟ್ಟಿನ ಮೇಲೆ ಹೊಸ ಹಸಿರು ಸೀರೆ ಉಟ್ಟು ಪ್ಲಾಸ್ಟಿಕ್ ಹೂವಿನ ಮುಂದೆ ನೆಟ್ಟಗೆ ನಿಂತ ಹೆಂಗಸಿನ ಚಿತ್ರವಿತ್ತು. ವಯಸ್ಸು ಅರವತ್ತರ ಹತ್ತಿರ. ನರಸೀಪುರದ ಆಚೆ ಹೊಳೆ ದಡದ ಹಳ್ಳಿಯವರು. ನಾಟಿ ಹಾಕುವಾಗ, ಮದುವೆ ಮನೆಯಲ್ಲಿ, ಕೂಸಿಗೆ ಹೆಸರಿಡುವಾಗ ಪದ ಹೇಳುತ್ತಿದ್ದವರನ್ನು ಯಾವುದೋ ಕಂಪನಿಯವರು ಕರೆದುಕೊಂಡು ಹೋಗಿ ಹಾಡಿಸಿದ್ದರು. ಕೀಬೋರ್ಡು, ಕೊಳಲು, ರಿದಮ್ ಪ್ಯಾಡು ಎಲ್ಲ ಸೇರಿಸಿದ್ದರು. ಆ ಗದ್ದಲದ ನಡುವೆ ಆ ದನಿ ಬಂತು ನೋಡಿ. ನಾನು ಎರಡು ಬಸ್ಸು ಕೂಗುವುದನ್ನು ಮರೆತೆ.

*ಹೊಳೆಯ ಆಚೆ ದಡದ ಹೊನ್ನೆ ಮರದ ಹಕ್ಕಿ*
*ಹೋಗಿ ಹೇಳೇ ನನ್ನ ಹೆತ್ತವ್ವಗೆ*

ಒಂದೊಂದು ‘ಹ’ವೂ ಗಾಳಿ ಬೀಸಿದ ಹಾಗೆ ಬರುತ್ತಿತ್ತು. ‘ಹೊಳೆ’ ಎಂದಾಗ ಟೇಪಿನಲ್ಲಿ ‘ಫಪ್’ ಎಂದು ಉಸಿರು ಮೈಕಿಗೆ ಬಡಿದ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಸ್ಟ್ಯಾಂಡು ಖಾಲಿ ಇದ್ದಾಗ ನಾನು ಮೈಕು ಆಫ್ ಮಾಡಿ, ಟೇಪನ್ನು ಸಣ್ಣಗೆ ಹಾಕಿ, ಅಂಗೈ ಬಾಯಿಯ ಮುಂದೆ ಹಿಡಿದುಕೊಂಡು ಅವರ ಜೊತೆ ಹೇಳಲು ಶುರುಮಾಡಿದೆ. ಅಂಗೈಗೆ ಬಿಸಿ ಉಸಿರು ತಾಗಿದರೆ ‘ಹ’ ಬಂದ ಹಾಗೆ. ತಾಗದಿದ್ದರೆ ಮತ್ತೆ ಹಿಂದಕ್ಕೆ ತಿರುಗಿಸಿ ಮೊದಲಿಂದ. ಹೀಗೆ ಎರಡು ತಿಂಗಳು. ಅವರನ್ನು ನಾನು ಎದುರಿಗೆ ನೋಡಿರಲಿಲ್ಲ, ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆದರೂ ಶಾಲೆಯ ಹತ್ತು ವರ್ಷ ಕಲಿಸದ್ದನ್ನು ಆ ಎರಡು ತಿಂಗಳಲ್ಲಿ ನನಗೆ ಕಲಿಸಿದರು. ಒಂದು ಸಂಜೆ ನಾಲ್ಕಕ್ಕೆ ನಾನು ಮೈಕು ಹಿಡಿದು "ಹುಲ್ಲಹಳ್ಳಿ, ಹುರ, ಹೆಡಿಯಾಲ" ಎಂದು ಒಂದೊಂದಾಗಿ ಬಿಡಿಸಿ ಕೂಗಿದೆ. ಹುಡುಗರು ಬಾಯಿ ತೆರೆದವರು ಹಾಗೇ ನಿಂತರು. ತಿರುಗಿ ಕೂಗಲು ಅವರಿಗೆ ಏನೂ ಉಳಿದಿರಲಿಲ್ಲ. ಕಾರ್ಯದರ್ಶಿ ಕಿಟಕಿಯಲ್ಲಿ ಇಣುಕಿ, "ಹಾಂ, ಈಗ ಒಂದು ದಾರಿಗೆ ಬಂದೆ" ಎಂದರು.

ಆ ಕ್ಯಾಸೆಟ್ಟನ್ನು ಮನೆಗೂ ಒಯ್ದಿದ್ದೆ. ಅವ್ವನ ತವರು ನರಸೀಪುರದ ಕಡೆಯದು. ಹುಡುಗಿಯಾಗಿದ್ದಾಗ ಕ್ಯಾಸೆಟ್ಟಿನ ಆಯಮ್ಮನ ಜೊತೆ ಒಂದೇ ಗದ್ದೆಯಲ್ಲಿ ನಾಟಿ ಹಾಕಿದವಳು, ಅವರು ಹೇಳಿದ ಪದದ ಸಾಲನ್ನು ತಿರುಗಿ ಹೇಳುತ್ತಾ ಸೊಲ್ಲು ಎತ್ತಿಕೊಂಡವಳು. ಅವ್ವ ಪೂರಾ ಕೇಳಿ, "ಚೆಂದಾಗದೆ. ಆದ್ರೂ ಯಾಕೋ ನೆಂಟ್ರ ಮನೇಲಿ ಕುಂತಂಗೆ ಆಡ್ತಾವ್ಳೆ ಕಣಪ್ಪ" ಎಂದಳು. ನಾನು ತಕ್ಷಣ, "ಆಡ್ತಾವ್ಳೆ ಅಲ್ಲ ಅವ್ವ, ಹಾಡ್ತಾವ್ಳೆ" ಎಂದೆ. ಮನೆಯಲ್ಲಿ ಚಿಕ್ಕಪ್ಪನ ಸಂಸಾರ ಬಂದಿತ್ತು. ಎಲ್ಲರ ಮುಂದೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿದು, "ಹಾ ಅನ್ನು, ಗಾಳಿ ಬರ್ಬೇಕು" ಎಂದೆ. ಅವ್ವ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಲೆಯ ಕಡೆ ಹೋದಳು. ಅವತ್ತಿನಿಂದ ನನ್ನ ಮುಂದೆ ಪದ ಹೇಳುವುದನ್ನು ಬಿಟ್ಟಳು. ನಾನು ಮನೆಯಲ್ಲಿಲ್ಲದಾಗ ಹೇಳುತ್ತಿದ್ದಳಂತೆ. ನನ್ನ ಚಪ್ಪಲಿ ಸದ್ದು ಕೇಳಿದರೆ ನಿಲ್ಲಿಸುತ್ತಿದ್ದಳಂತೆ. ಇದನ್ನು ಎಷ್ಟೋ ವರ್ಷದ ಮೇಲೆ ತಂಗಿ ಹೇಳಿದಳು. ನನ್ನ ಬದುಕಿನಲ್ಲಿ ನಾನು ಮಾಡಿದ ಕೆಟ್ಟ ಕೆಲಸಗಳಲ್ಲಿ ಇದನ್ನು ನಾನೇ ಮೊದಲನೆಯದಾಗಿ ಇಟ್ಟಿದ್ದೇನೆ.

ಆ ಕಂಪನಿ ಅವರಿಂದ ಒಟ್ಟು ಐದು ಕ್ಯಾಸೆಟ್ ಹೊರಡಿಸಿತು. ಐದೂ ನನ್ನ ಹತ್ತಿರ ಇದ್ದವು. ಆಮೇಲೆ ನಿಂತುಹೋಯಿತು. ಆ ಕಂಪನಿಯವರು ಬೇರೆ ಹುಡುಗಿಯರನ್ನು ಹುಡುಕಿಕೊಂಡರು. ಅದೇ ಪದಗಳನ್ನು ಹುಡುಗಿಯರು ಕುಣಿಯುವ ತಾಳದಲ್ಲಿ ಹಾಡಿದರು. ಆಯಮ್ಮ ಹಾಡುವುದು ಬಿಟ್ಟರು, ಕಾಯಿಲೆಯಾಗಿದ್ದಾರೆ, ತೀರಿಹೋದರು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಎಂಟು ಹತ್ತು ವರ್ಷ ಹೊಸದೇನೂ ಬರಲಿಲ್ಲ. ನಾನು ಹಳೆಯದನ್ನೇ ಹಾಕುತ್ತಿದ್ದೆ. ಟೇಪು ಸುತ್ತಿಕೊಂಡು ಹರಿದರೆ ಅಂಟಿಸುತ್ತಿದ್ದೆ. "ಇನ್ನೂ ಆ ಮುದುಕಿಯನ್ನೇ ಹಾಕ್ತೀಯಲ್ಲೋ" ಎಂದವರಿಗೆಲ್ಲ, "ಇಷ್ಟ ಇಲ್ಲ ಅಂದ್ರೆ ಬಸ್ಸು ಹತ್ತಿ ಹೋಗಿ" ಎನ್ನುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿರಬೇಕು. ಅಂಗಡಿಗಳಿಗೆ ಸಿ.ಡಿ. ಬರತೊಡಗಿತ್ತು. ಅಂಗಡಿಯ ಅಣ್ಣ ಒಂದು ಬೆಳಿಗ್ಗೆ ಗೂಡಿನ ಕಿಟಕಿಯಲ್ಲಿ ಕೈ ತೂರಿಸಿ, "ತಗೊ, ನಿಮ್ಮಜ್ಜಿ ಎದ್ದು ಬಂದವ್ರೆ" ಎಂದು ಒಂದು ಕ್ಯಾಸೆಟ್ ಮೇಜಿನ ಮೇಲೆ ಇಟ್ಟ. ಮೇಲಿನ ಚಿತ್ರದಲ್ಲಿ ಅವರು ತಮ್ಮ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮಾಸಿದ ಸೀರೆ, ಬಿಳೀ ತಲೆ. ಕಂಪನಿಯ ಹೆಸರು ಇರಲಿಲ್ಲ. ಮೈಸೂರಿನ ಕಡೆಯ ನಾಲ್ಕು ಜನ ಗೆಳೆಯರು ಅವರ ಊರಿಗೇ ಯಂತ್ರ ಒಯ್ದು ಹಾಡು ಮುದ್ರಿಸಿಕೊಂಡದ್ದು ಎಂದು ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹಾಕಿದೆ.

ಮೊದಲು ಒಂದು ಕೋಳಿ ಕೂಗಿದ್ದು ಕೇಳಿಸಿತು. ಯಾರೋ ಕೆಮ್ಮಿದರು. ಕೀಬೋರ್ಡಿಲ್ಲ, ಕೊಳಲಿಲ್ಲ, ಏನಿಲ್ಲ. ಒಂದು ತಾಳ, ಸೊಲ್ಲು ಎತ್ತಿಕೊಳ್ಳಲು ಇಬ್ಬರು ಹೆಂಗಸರು. ಆಮೇಲೆ ಆ ದನಿ.

*ಒಳೆಯ ಆಚೆ ದಡದ ಒನ್ನೆ ಮರದ ಅಕ್ಕಿ*
*ಓಗಿ ಏಳೇ ನನ್ನ ಎತ್ತವ್ವಗೆ*

ನಾನು ಟೇಪು ನಿಲ್ಲಿಸಿದೆ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಒಂದು ‘ಹ’ವೂ ಇಲ್ಲ. ಯಾರ ಬಾಯಿಂದ ನಾನು ‘ಹ’ ಕಲಿತೆನೋ ಅವರ ಬಾಯಲ್ಲೇ ಇಲ್ಲ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಕೋಪ. ಎರಡು ತಿಂಗಳು ಅಂಗೈ ಹಿಡಿದುಕೊಂಡು ಕೂತವನಿಗೆ ಮೋಸವಾಯಿತು ಅನ್ನಿಸಿತು. ಆದರೆ ಟೇಪು ಓಡುತ್ತಿತ್ತು, ಕಿವಿ ಕೇಳುತ್ತಿತ್ತು. ಮೂರನೆಯ ಪದದ ಹೊತ್ತಿಗೆ ಕೋಪ ಇಳಿದುಹೋಗಿತ್ತು.

ದನಿ ಒಡೆದಿತ್ತು. ಇಲ್ಲ ಎನ್ನುವುದಿಲ್ಲ. ಮೇಲಕ್ಕೆ ಹೋಗುವಾಗ ಬಿರುಕು ಬಿಡುತ್ತಿತ್ತು. ಆದರೆ ಹಳೆಯ ಐದು ಕ್ಯಾಸೆಟ್ಟಿನಲ್ಲಿ ಎಲ್ಲೂ ಮಾಡದಿದ್ದ ಕೆಲಸವನ್ನು ಅವರು ಇಲ್ಲಿ ಮಾಡಿದ್ದರು. ಒಂದೇ ಉಸಿರಿನಲ್ಲಿ ಒಂದೂವರೆ ಸಾಲು ಎಳೆದು, ಉಳಿದ ಅರ್ಧವನ್ನು ಮಾತಿನ ಹಾಗೆ ಬಿಟ್ಟುಬಿಡುತ್ತಿದ್ದರು. ಗದ್ದೆಯಲ್ಲಿ ಬಗ್ಗಿ ಪೈರು ಊರುತ್ತಾ, ಮುಂದಿನ ಹೆಜ್ಜೆಗೆ ಕಾಲು ಕೀಳುವಾಗ ಮಾತು ನಿಲ್ಲುತ್ತದಲ್ಲ, ಹಾಗೆ. ಮದುವೆಯ ಪದದಲ್ಲಿ ಗಂಡಿನ ಕಡೆಯವರನ್ನು ಬೈಯುವ ಜಾಗದಲ್ಲಿ ಅವರೇ ನಕ್ಕುಬಿಟ್ಟಿದ್ದರು. ನಗುವನ್ನು ಅಳಿಸಿರಲಿಲ್ಲ. ಮಗು ಸತ್ತ ತಾಯಿಯ ಪದ ಒಂದಿತ್ತು. ಹಳೆಯ ಕ್ಯಾಸೆಟ್ಟಿನಲ್ಲಿ ಅದರ ಹಿಂದೆ ಪಿಟೀಲು ಅಳುತ್ತಿತ್ತು. ಇಲ್ಲಿ ಯಾರೂ ಅಳುತ್ತಿರಲಿಲ್ಲ. ಅವರು ಸುಮ್ಮನೆ ಊರಿನ ಸುದ್ದಿ ಹೇಳುವ ಹಾಗೆ ಹೇಳಿದ್ದರು. ನಾನು ಗೂಡಿನ ಬಾಗಿಲು ಹಾಕಿಕೊಂಡು ಕೂತುಬಿಟ್ಟೆ.

ಅಂಗಡಿಯ ಅಣ್ಣ ಬಂದು ತಟ್ಟಿದ. "ಎಂಗದೆ?"

"ಅಣ್ಣ, ಆ ಐದನ್ನೂ ಕಾಲುವೆಗೆ ಬಿಸಾಕು. ಇದೊಂದೇ ಸಾಕು."

"ಮುದುಕಿ ಗಂಟ್ಲು ಒಡ್ದೋಗದೆ ಕಣ್ಲಾ. ಭಾಷೇನೂ ಕೆಟ್ಟೋಗದೆ. ಇದು ಓಡಾಕಿಲ್ಲ."

"ಕೆಟ್ಟಿಲ್ಲ. ಈಗ ನೆಟ್ಗಾಗದೆ."

ಅವನು ನನ್ನ ಮುಖ ನೋಡಿದ. ತಿರುಗಿ ಅಂಗಡಿಗೆ ಹೋದ.

ಸಂಜೆ ನಾಲ್ಕಾಗಲು ಕಾದೆ. ಬೇಕೆಂದೇ ಕಾದೆ. ಕಾಲೇಜು ಹುಡುಗರು ಬಂದು ನೆರಳಿನಲ್ಲಿ ನಿಂತ ಮೇಲೆ ಎರಡೂ ಸ್ಪೀಕರಿಗೆ ಪೂರ್ತಿ ವಾಲ್ಯೂಮು ಕೊಟ್ಟು ಕ್ಯಾಸೆಟ್ ಹಾಕಿದೆ. ಹುಡುಗರು ಮೊದಲ ಸಾಲಿಗೇ ನಕ್ಕರು. ಒಬ್ಬ "ಅಕ್ಕಿ ಹಾರ್ತಾ ಐತೆ, ರಾಗಿ ಎಲ್ಲಿ ಹೋಯ್ತು?" ಎಂದ. ಸಂತೆ ಮುಗಿಸಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರು ನಗಲಿಲ್ಲ. ಹೆಮ್ಮರಗಾಲದ ಕಡೆಯ ಒಬ್ಬಾಕೆ ಎದ್ದು ಕಂಬದ ಕೆಳಗೆ ಬಂದು, ತಲೆ ಎತ್ತಿ ಸ್ಪೀಕರನ್ನೇ ನೋಡುತ್ತಾ ನಿಂತಳು. ಅವಳ ಬಸ್ಸು ಹಾರ್ನ್ ಹಾಕಿತು. ಅವಳು ಡ್ರೈವರಿಗೆ ಕೈ ತೋರಿಸಿ, "ಇರಪ್ಪ, ಈ ಸೊಲ್ಲು ಮುಗೀಲಿ" ಎಂದಳು.

ಪದ ಮುಗಿಯಿತು. ನಾನು ಮೈಕು ಹಿಡಿದೆ. ಹತ್ತು ವರ್ಷದಿಂದ ನಾಲಿಗೆಗೆ ರೂಢಿಯಾಗಿದ್ದ ‘ಹ’ ತಾನಾಗಿಯೇ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿದೆ.

"ಎಮ್ಮರಗಾಲ! ಎಮ್ಮರಗಾಲ ಬಸ್ಸು ಒಂಟದೆ! ಉಲ್ಲಳ್ಳಿ, ಉರ, ಎಡಿಯಾಲದೋರು ಇಂದ್ಗಡೆ ಬಸ್ಗೆ ಬನ್ನಿ! ಅದಿನಾರು ಇನ್ನತ್ತು ನಿಮಿಷ!"

ಹುಡುಗರು ಕೂಗಿದರು, ಸಿಳ್ಳೆ ಹಾಕಿದರು. ಹಾಕಲಿ ಎಂದುಕೊಂಡೆ. ಅವರು ನಕ್ಕಷ್ಟೂ ಇನ್ನೊಂದು ಸಲ ಕೂಗಿದೆ. ಅವತ್ತು ಯಾವ ಊರನ್ನೂ ಮೂರು ಸಲಕ್ಕೆ ಕಡಿಮೆ ಕೂಗಲಿಲ್ಲ.

ಮೂರನೆಯ ದಿನ ಕಾರ್ಯದರ್ಶಿ ಚೀಟಿ ಕಳಿಸಲಿಲ್ಲ. ತಾವೇ ಬಂದರು.

"ಏನಯ್ಯ ಇದು? ಹತ್ತು ವರ್ಷದಿಂದ ಸರಿಯಾಗಿ ಮಾತಾಡ್ತಿದ್ದೆ. ಈಗ ಏನಾಯ್ತು ನಿಂಗೆ?"

"ಏನೂ ಆಗಿಲ್ಲ ಸಾ. ಊರಿನೋರು ಎಂಗೆ ಕರೀತಾರೋ ಅಂಗೆ ಕರೀತಿವ್ನಿ."

"ಬೋರ್ಡ್ ಮೇಲೆ ಹುಲ್ಲಹಳ್ಳಿ ಅಂತ ಬರ್ದಿದೆ."

"ಬೋರ್ಡು ಬಸ್ ಅತ್ತಾಕಿಲ್ಲ ಸಾ. ಜನ ಅತ್ತೋದು."

ಅವರ ಕುತ್ತಿಗೆ ಕೆಂಪಾಯಿತು. "ಆ ಮುದುಕಿ ಕ್ಯಾಸೆಟ್ ನಿಲ್ಸು ಮೊದ್ಲು. ಪ್ಯಾಸೆಂಜರ್ ಕಂಪ್ಲೇಂಟ್ ಬಂದಿದೆ."

"ಯಾವ ಪ್ಯಾಸೆಂಜರ್ ಸಾ? ತೋರ್ಸಿ, ನಾನೇ ಮಾತಾಡ್ತೀನಿ. ನಿಲ್ಸಾಕಿಲ್ಲ."

"ಏನಂದೆ? ಇನ್ನೊಂದ್ಸಲ ಏಳು! ಏಳೋ ಇನ್ನೊಂದ್ಸಲ!"

ಕೋಪದಲ್ಲಿ ಅವರಿಗೂ ‘ಹ’ ಹಾರಿಹೋಗಿತ್ತು. ಅಂಗಡಿಯ ಅಣ್ಣ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದ. ನಾನು ನಗಲಿಲ್ಲ. ನಕ್ಕಿದ್ದರೆ ನಾನೂ ಆ ಹುಡುಗರ ಜೊತೆ ನಿಂತ ಹಾಗೆ ಆಗುತ್ತಿತ್ತು. ಇವರೂ ಯಾವುದೋ ಹಳ್ಳಿಯ ಮನೆಯಲ್ಲಿ ಅವ್ವನ ಬಾಯಿಂದ ಮಾತು ಕಲಿತವರೇ. ಎಲ್ಲೋ ಯಾರೋ ಇವರನ್ನೂ ನೋಡಿ ಒಂದು ದಿನ ನಕ್ಕಿರಬೇಕು. ಅವರಿಗೂ ತಾವು ಆಡಿದ್ದು ಕೇಳಿಸಿತು. "ನಾಳೆಯಿಂದ ಮೈಕು ಮುಟ್ಬೇಡ. ಗೇಟಲ್ಲಿ ಟೈಮ್ ಬರ್ಕೊ" ಎಂದು ಹೊರಟುಹೋದರು.

ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದೆ. ಮೈಕಿಗೆ ಬಿ.ಎ. ಓದಿದ ಒಬ್ಬನನ್ನು ತಂದು ಕೂರಿಸಿದರು. ಒಳ್ಳೆಯವನೇ, ಸ್ವಚ್ಛವಾಗಿ ಕೂಗುತ್ತಿದ್ದ. ನಾನು ಕ್ಯಾಸೆಟ್ಟನ್ನು ಅವನ ಕೈಗೆ ಕೊಡಲಿಲ್ಲ. ಅಂಗಡಿಯ ಅಣ್ಣನ ಹತ್ತಿರ ಖಾಲಿ ಕ್ಯಾಸೆಟ್ಟುಗಳಿದ್ದವು. ಅವನ ಡಬಲ್ ಡೆಕ್ಕಿನಲ್ಲಿ ಕಾಪಿ ಮಾಡಿಸಿ ಗೇಟು ದಾಟುವ ಬಸ್ಸಿನ ಡ್ರೈವರುಗಳಿಗೆ ಒಂದೊಂದಾಗಿ ಕೊಟ್ಟೆ. ಮೈಕು ಕಿತ್ತುಕೊಂಡರೆ ಏನಾಯಿತು? ಹುಲ್ಲಹಳ್ಳಿ ರೂಟಿನಲ್ಲಿ ಅವರ ದನಿ ಬಸ್ಸಿನೊಳಗೇ ಓಡಾಡತೊಡಗಿತು.

ಮನೆಯಲ್ಲಿ ಅವ್ವನಿಗೂ ಕೇಳಿಸಿದೆ. ಕೇಳು ಎನ್ನಲಿಲ್ಲ, ಸುಮ್ಮನೆ ಹಾಕಿ ಜಗಲಿಗೆ ಹೋಗಿ ಕೂತೆ. ಹೊನ್ನೆ ಮರದ ಪದ ಮುಗಿದ ಮೇಲೆ ಒಳಗಿನಿಂದ ಅವ್ವ, "ಒಂದ್ ಸೊಲ್ಲು ಬಿಟ್ಟವ್ಳೆ" ಎಂದಳು. ನಾನು ತಿರುಗಲಿಲ್ಲ. ತಿರುಗಿದರೆ ನಿಲ್ಲಿಸುತ್ತಾಳೇನೋ ಎಂಬ ಭಯ. "ಯಾವ್ದವ್ವ?" ಎಂದೆ. ಅವ್ವ ಆ ಬಿಟ್ಟ ಸೊಲ್ಲನ್ನು ಹೇಳಿದಳು, ಪೂರಾ, ಅಕ್ಕಿ ಆರಿಸುತ್ತಾ. ನಾನು ರಸ್ತೆ ನೋಡುತ್ತಾ ಕೂತಿದ್ದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ಸಂಗಮದ ಹತ್ತಿರ ಇಳಿದು, ಬಾಳೆಹಣ್ಣು ತೆಗೆದುಕೊಂಡು, ಇನ್ನೊಂದು ಬಸ್ಸು ಹಿಡಿದು, ಕಾಲುವೆ ಏರಿಯ ಮೇಲೆ ಒಂದು ಮೈಲಿ ನಡೆದೆ. ಯಾರನ್ನು ಕೇಳಿದರೂ ಮನೆ ತೋರಿಸಿದರು. ಕ್ಯಾಸೆಟ್ಟಿನ ಚಿತ್ರದಲ್ಲಿದ್ದ ಜಗಲಿ ಅದೇ. ಆಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಚಿತ್ರದಲ್ಲಿ ಕಂಡದ್ದಕ್ಕಿಂತ ಸಣ್ಣ ಆಳು.

"ಯಾರ್ಲಾ ಮಗ ನೀನು?"

ನಾನು ನಂಜನಗೂಡಿನಿಂದ ಬಂದವನು, ಬಸ್ಸು ಕೂಗುತ್ತಿದ್ದವನು, ನಿಮ್ಮ ಐದು ಕ್ಯಾಸೆಟ್ಟು ಇಟ್ಟುಕೊಂಡಿರುವವನು, ನಿಮ್ಮಿಂದ ‘ಹ’ ಕಲಿತವನು ಎಂದು ಒಂದೇ ಉಸಿರಿಗೆ ಹೇಳಿದೆ. ಕೊನೆಯದು ಅವರಿಗೆ ಅರ್ಥವಾಗಲಿಲ್ಲ. ಅಂಗೈ ಬಾಯಿಯ ಮುಂದೆ ಹಿಡಿದು ತೋರಿಸಿದೆ. ಅವರು ಹುಣಸೆಹಣ್ಣು ಕೆಳಗಿಟ್ಟು ನಕ್ಕರು. ಬಾಯಲ್ಲಿ ಮುಂದಿನ ಹಲ್ಲು ಇರಲಿಲ್ಲ.

"ಅಯ್ಯೋ ನನ್ನಪ್ಪ! ನಂಗೂ ಅಂಗೇ ಕಲ್ಸುದ್ರು ಕಣ್ಮಗ. ಗಾಜಿನ್ ಆಚ್ಗೆ ಒಬ್ಬ ಕುಂತಿರೋನು. ನಾನ್ ಒಳೆ ಅಂದೇಟ್ಗೆ ಕೈ ಎತ್ತೋನು. ‘ಅಮ್ಮ, ಹ ಬರ್ಲಿ, ಹ ಬರ್ಲಿ.’ ಒಂದ್ ಪದುಕ್ಕೆ ಒಂದಿನ. ಪದ ಎಲ್ಲಿಗೋ ಓಗೋದು, ಆ ಹ ಒಂದು ಉಳ್ಕೊಳೋದು. ಸಾಕು ಅಂತ ನಾನೇ ಬುಟ್ಬುಟ್ಟೆ."

"ಅವ್ರು ಬುಡ್ಲಿಲ್ವಾ? ನೀವೇ ಬುಟ್ರಾ?"

"ನಾನೇ ಬುಟ್ಟೆ. ಯಾಕೆ, ಅವ್ರೇ ಬುಟ್ರು ಅಂದ್ರಾ? ಅನ್ಲಿ ಬುಡು."

ಎಂಟು ಹತ್ತು ವರ್ಷ ನಾನು ಅವರ ಪರವಾಗಿ ಯಾರ ಯಾರ ಮೇಲೋ ಸಿಟ್ಟಾಗಿದ್ದೆ, ಅವರನ್ನು ಬಿಸಾಡಿದರು ಎಂದು. ನೋಡಿದರೆ ಆಯಮ್ಮನೇ ಕಂಪನಿ ಬಿಟ್ಟು ಎದ್ದು ಬಂದಿದ್ದರು.

"ಈ ಕಿತ ಆ ಮೈಸೂರ್ ಐಕ್ಳು ಬಂದು, ಅಜ್ಜಿ ನಿಂಗೆ ಎಂಗ್ ಬತ್ತದೋ ಅಂಗೇಳು ಅಂದ್ರು. ನಾನ್ ಅಂದೆ, ನೋಡ್ರಪ್ಪ, ನಂಗೆ ಎಪ್ಪತ್ತಾಯ್ತು. ಹ ಅನ್ನಾಕೆ ಅರ್ಧ ಉಸ್ರು ಓಯ್ತದೆ. ಇರೋ ಉಸ್ರ ಪದುಕ್ಕೆ ಇಕ್ತೀನಿ, ಅದುಕ್ ಇಕ್ಕಾಕಿಲ್ಲ ಅಂದೆ."

ನಾನು ಅವ್ವ ಹೇಳಿದ, ಬಿಟ್ಟುಹೋದ ಸೊಲ್ಲಿನ ವಿಷಯ ಎತ್ತಿದೆ. ಅವ್ವನ ಹೆಸರು, ಊರು ಹೇಳಿದೆ. ಅವರಿಗೆ ತಕ್ಷಣ ನೆನಪಾಯಿತು. "ಅವ್ಳಾ? ಬಲ್ ಜೋರಾಗಿ ಎತ್ಕೊಳೋಳು. ನಾನೇನೂ ಬುಟ್ಟಿಲ್ಲ ಅಂತೇಳು ಅವ್ಳ್ಗೆ. ಅವ್ರೂರೋರೇ ಸೇರ್ಸವ್ರೆ ಅದ" ಎಂದರು. ಹೊರಡುವಾಗ ಒಂದು ಹಿಡಿ ಹುಣಸೆಹಣ್ಣು ಕಟ್ಟಿಕೊಟ್ಟರು. ಮನೆಗೆ ಬಂದು ಹೇಳಿದರೆ ಅವ್ವನಿಗೆ ರೇಗಿಹೋಯಿತು. "ನಾವ್ ಸೇರ್ಸಿದ್ದಾ? ಅವ್ಳೇ ಮರ್ತವ್ಳೆ!" ಮುಂದಿನ ತಿಂಗಳು ಇದನ್ನು ನೇರವಾಗಿ ಇತ್ಯರ್ಥ ಮಾಡುವುದಕ್ಕೆಂದೇ ಅವ್ವ ನರಸೀಪುರಕ್ಕೆ ಹೋಗಿ ಎರಡು ದಿನ ಇದ್ದು ಬಂದಳು. ಯಾರು ಗೆದ್ದರೆಂದು ಇಬ್ಬರೂ ಹೇಳಲಿಲ್ಲ.

ಬಿ.ಎ. ಓದಿದವನು ಆರು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿ ಹೋದ. ಕಾರ್ಯದರ್ಶಿ ಒಂದು ಬೆಳಿಗ್ಗೆ ಗೇಟಿಗೆ ಬಂದು, ನನ್ನ ಮುಖ ನೋಡದೆ ಗೂಡಿನ ಬೀಗದ ಕೈ ಸ್ಟೂಲಿನ ಮೇಲೆ ಇಟ್ಟು, "ಏನಾದ್ರೂ ಮಾಡ್ಕೊ" ಎಂದರು. ಮಾಡಿಕೊಂಡೆ. ಆ ಕ್ಯಾಸೆಟ್ಟು ಅಂಗಡಿಯಲ್ಲಿ ಓಡಲಿಲ್ಲ. ಅಣ್ಣ ಹೇಳಿದ್ದೇ ನಿಜವಾಯಿತು. ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂತು: ಧ್ವನಿ ಮಾಗಿದೆ, ಉಚ್ಚಾರಣೆಯ ಕಡೆ ಗಮನ ಕೊಡಬೇಕಿತ್ತು ಎಂದು. ಗಮನ ಕೊಟ್ಟದ್ದರಿಂದಲೇ ಹಾಗಿದೆ ಸ್ವಾಮಿ ಎಂದು ನಾನು ಒಂದು ಕಾರ್ಡು ಬರೆದು ಹಾಕಿದೆ. ಅವರು ಅಚ್ಚು ಮಾಡಲಿಲ್ಲ. ಓಡದಿದ್ದರೆ ಓಡದಿರಲಿ. ನನ್ನ ಕಿವಿಗೆ ಅದು ಅವರು ಹಾಡಿದ್ದರಲ್ಲೆಲ್ಲ ದೊಡ್ಡದು. ಇದನ್ನು ಯಾವ ಪಂಡಿತರ ಎದುರಿಗೂ ನಿಂತು ಹೇಳುತ್ತೇನೆ.

ಪಂಡಿತರೊಬ್ಬರು ಬಂದೂ ಬಂದರು. ಇದಾಗಿ ಎರಡು ಮೂರು ವರ್ಷದ ಮೇಲೆ ಕಾಲೇಜಿನ ಒಬ್ಬ ಮೇಷ್ಟ್ರು ಗೂಡು ಹುಡುಕಿಕೊಂಡು ಬಂದು, ಪದಗಳನ್ನು ಬರೆದುಕೊಂಡು ಪುಸ್ತಕ ಮಾಡುತ್ತೇನೆ, ಕ್ಯಾಸೆಟ್ ಬೇಕು ಎಂದರು. ಕೊಟ್ಟೆ. ಒಂದು ವಾರದ ಮೇಲೆ ಬರೆದದ್ದನ್ನು ತೋರಿಸಲು ತಂದರು. ಹೊಳೆ, ಹೊನ್ನೆ, ಹಕ್ಕಿ, ಹೆತ್ತವ್ವ. ಎಲ್ಲ ‘ಹ’ವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿದ್ದವು.

"ಸಾ, ಆಯಮ್ಮ ಇಂಗೆ ಏಳಿಲ್ಲ."

"ಓದುವವರಿಗೆ ಅರ್ಥ ಆಗಬೇಕಲ್ಲಪ್ಪ."

"ಕೇಳ್ದೋರ್ಗೆ ಅರ್ಥ ಆಗದೆ ಸಾ. ಎಂಗೆ ಏಳವ್ರೋ ಅಂಗೆ ಬರೀರಿ. ಇಲ್ಲಾಂದ್ರೆ ಕ್ಯಾಸೆಟ್ ವಾಪಸ್ ಕೊಟ್ಬುಡಿ."

ಅವರಿಗೆ ಬೇಸರವಾಯಿತು. ಆದರೆ ಮನುಷ್ಯ ಒಳ್ಳೆಯವರು. ಗೂಡಿನ ಬೆಂಚಿನ ಮೇಲೆ ಕೂತು, ನಾನು ಟೇಪು ತಿರುಗಿಸಿ ತಿರುಗಿಸಿ ಹಾಕಿದ ಹಾಗೆ, ಕೆಂಪು ಪೆನ್ನಿನಿಂದ ಒಂದೊಂದೇ ತಿದ್ದುತ್ತಾ ಹೋದರು. ನಡುನಡುವೆ ನಾನು ಬಸ್ಸು ಕೂಗಲು ಎದ್ದರೆ ಅವರು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ಒಂದು ಸಾಲಿನಲ್ಲಿ ಅವರ ಕೈ ನಿಂತಿತು.

"ಇಲ್ಲಿ ‘ಒತ್ತು’ ಅಂತ ಇದೆ. ಇದು ಹೊತ್ತು ಮುಳುಗೋ ಹೊತ್ತೋ, ಹೊರೆ ಹೊತ್ತಿದ್ದೋ, ಕೈಯಲ್ಲಿ ಒತ್ತೋದೋ?"

ನಾನು ಆ ಸಾಲನ್ನು ಮೂರು ಸಲ ಹಾಕಿ ಕೇಳಿದೆ. ಮೂರೂ ಸರಿ ಅನ್ನಿಸಿತು.

"ನಂಗೊತ್ತಿಲ್ಲ ಸಾ. ಆಯಮ್ಮ ಇನ್ನೂ ಗಟ್ಯಾಗವ್ರೆ. ನರ್ಸೀಪುರದ್ ಬಸ್ಸು ಅನ್ನೊಂದೂವರ್ಗೆ. ಓಗಿ ಕೇಳ್ಕೊಂಡು ಬನ್ನಿ."

ಅವರು ಗಡಿಯಾರ ನೋಡಿಕೊಂಡು, ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.